ಇಲ್ಲ ಎಂದವರು

"ಈ ರೋಗ ಎಲ್ಲಿಂದ ಬಂತು ಅಂತ ನಮ್ಮನ್ನ ಯಾಕೆ ಕೇಳ್ತೀಯ? ನಿನ್ನ ನಾದಿನೀನ ಕೇಳು."

ಆಸ್ಪತ್ರೆಯ ಆಡಳಿತಾಧಿಕಾರಿ ಹೀಗೆಂದು ನಕ್ಕ. ಪಕ್ಕದಲ್ಲಿ ನಿಂತಿದ್ದ ನಮ್ಮ ಮೇಸ್ತ್ರಿಯೂ ನಕ್ಕ. ನನ್ನ ನಾದಿನಿ, ತಮ್ಮನ ಹೆಂಡತಿ, ಹೊರಗೆ ಬೆಂಚಿನ ಮೇಲೆ ಗೋಡೆಗೆ ತಲೆಯಾನಿಸಿ ಕೂತಿದ್ದಳು. ಬಾಗಿಲು ತೆರೆದೇ ಇತ್ತು. ಅವಳಿಗೆ ಕೇಳಿಸಲೆಂದೇ ತೆರೆದಿಟ್ಟಿದ್ದರು.

"ಸೂಜಿ ಚುಚ್ಚಿ ಬಂದಿದ್ದು ಸಾರ್. ನಿಮ್ಮ ಆಸ್ಪತ್ರೆಯ ಬಟ್ಟೆಗಂಟು ಬಿಚ್ಚುವಾಗ. ನಾನು ಪಕ್ಕದಲ್ಲೇ ಇದ್ದೆ."

ಅವನು ಮೇಜಿನ ಖಾನೆಯಿಂದ ಹಾಳೆಯೊಂದನ್ನು ತೆಗೆದು ನನ್ನ ಕಡೆ ತಿರುಗಿಸಿದ.

"ಓದೋಕೆ ಬರುತ್ತಾ?"

"ಬರುತ್ತೆ."

"ಓದು ಹಾಗಾದ್ರೆ. ಗಟ್ಟಿಯಾಗಿ."

ಗಟ್ಟಿಯಾಗಿ ಓದಲಿಲ್ಲ. ಕಣ್ಣಲ್ಲೇ ಓದಿದೆ. ಮೇಲೆ ನಾದಿನಿಯ ಹೆಸರು, ಅವಳ ಟೋಕನ್ ನಂಬರು. ಅದರ ಕೆಳಗೆ ಪ್ರಶ್ನೆ. 'ನಿಮ್ಮ ಅಜಾಗರೂಕತೆಯಿಂದ ಸೂಜಿ ಅಥವಾ ಹರಿತವಾದ ವಸ್ತುವನ್ನು ಚುಚ್ಚಿಸಿಕೊಂಡಿದ್ದೀರಾ?' ಉತ್ತರ, 'ಇಲ್ಲ.' ಕೊನೆಯಲ್ಲಿ ಅವಳ ಸಹಿ.

"ಅವಳ ಬಾಯಿಂದಲೇ ಬಂದ ಮಾತು," ಎಂದ ಅಧಿಕಾರಿ. "ಸೂಜಿ ಚುಚ್ಚಿಲ್ಲ. ಅಂದಮೇಲೆ ಇದು ನಮ್ಮ ಕೆಲಸದಿಂದ ಬಂದ ರೋಗ ಅಲ್ಲ. ಇನ್ನು ಹೇಗೆ ಹೇಗೆ ಬರುತ್ತೆ ಅಂತ, ವಯಸ್ಸಾದವಳು ನೀನು, ನಾನು ಬಿಡಿಸಿ ಹೇಳಬೇಕಾ?"

ಮೈಯೆಲ್ಲ ಉರಿದುಹೋಯಿತು. ಹೇಗೆ ಬಂದಿದ್ದರೇನು, ಕಣ್ಣು ಹಳದಿಯಾದ ಹೆಂಗಸು ನಿನ್ನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿಲ್ಲವೇ ಎಂದು ಕೇಳಬೇಕೆನ್ನಿಸಿತು. ನಾಲಿಗೆ ಏಳಲಿಲ್ಲ. ಹೊರಗೆ ಬಂದು ನಾದಿನಿಯ ತೋಳು ಹಿಡಿದು ಎಬ್ಬಿಸಿದೆ. ಅವಳು ನನ್ನ ಮುಖ ನೋಡಲಿಲ್ಲ.

ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಾವು ಬಟ್ಟೆ ಒಗೆಯುತ್ತೇವೆ. ನಾವು ಅಂದರೆ ಹೆಂಗಸರು ಮಾತ್ರ. ಮೇಸ್ತ್ರಿಯೊಬ್ಬನೇ ಗಂಡಸು. ಮೇಲಿನ ವಾರ್ಡುಗಳ ಹಾಸಿಗೆ ಬಟ್ಟೆ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ಹೆರಿಗೆ ಕೋಣೆಯ ಹೊದಿಕೆ, ಎಲ್ಲವೂ ಗಂಟುಮೂಟೆಯಾಗಿ ಜಾರುಕೊಳವೆಯಿಂದ ದಬದಬನೆ ಕೆಳಕ್ಕೆ ಬೀಳುತ್ತವೆ. ಮಷೀನಿಗೆ ಹಾಕುವ ಮುಂಚೆ ಆ ಗಂಟುಗಳನ್ನು ಕೈಯಲ್ಲೇ ಬಿಚ್ಚಬೇಕು. ರಕ್ತ, ಕೀವು, ಹೇಲು, ವಾಂತಿ. ಅದರೊಳಗೆ ಮೇಲಿನವರು ಮರೆತದ್ದೆಲ್ಲ ಇರುತ್ತದೆ. ಕತ್ತರಿ, ಬ್ಲೇಡು, ಸೂಜಿ. ಅವರು ಮರೆತದ್ದನ್ನು ನಮ್ಮ ಕೈ ಹುಡುಕುತ್ತದೆ. ಗ್ಲೌಸು ಕೊಡುತ್ತಾರೆ. ಉಗುರು ತಗುಲಿದರೆ ಹರಿಯುವಂಥದ್ದು. ಹರಿದರೆ ಹೊಸದು ಕೇಳಬೇಕು. ಕೇಳಿದರೆ ಮೇಸ್ತ್ರಿ, "ನಿನ್ನ ಕೈಯೇನು ಕೊಡಲಿಯಾ?" ಎನ್ನುತ್ತಾನೆ. ಅವನ ಪಾಲಿಗೆ ಅದು ತಮಾಷೆ.

ನಾನೇ ಅಲ್ಲಿ ಎಲ್ಲರಿಗಿಂತ ಹಳಬಳು. ದೊಡ್ಡಕ್ಕ ಎಂದು ಕರೆಯುತ್ತಾರೆ. ನಾದಿನಿ ಕೆಲಸಕ್ಕೆ ಬಂದ ಮೊದಲ ದಿನ ಮೂಗು ಮುಚ್ಚಿಕೊಳ್ಳಲಿಲ್ಲ. ಅದನ್ನು ನೋಡಿಯೇ ಇವಳು ಇಲ್ಲಿ ನಿಲ್ಲುತ್ತಾಳೆ ಅಂದುಕೊಂಡೆ. ಮಾತು ಕಡಿಮೆ. ಕೈ ಚುರುಕು. ಊಟದ ಹೊತ್ತಿನಲ್ಲಿ ಎಲ್ಲರೂ ಮೇಸ್ತ್ರಿಯನ್ನು ಬೈಯುತ್ತಿದ್ದರೆ ಇವಳು ಅವನ ನಡಿಗೆ, ಅವನ ಕೆಮ್ಮು ಎಲ್ಲವನ್ನೂ ಮಾಡಿ ತೋರಿಸುವಳು. ಒಂದು ಮಾತಿಲ್ಲದೆ ನಮ್ಮ ಹೊಟ್ಟೆ ಹುಣ್ಣಾಗಿಸುವಳು.

ಅವಳಿಗೆ ಚುಚ್ಚಿದ ದಿನ ಹೆರಿಗೆ ಕೋಣೆಯ ಗಂಟು ಬಿಚ್ಚುತ್ತಿದ್ದೆವು. "ಸ್" ಎಂದಳು, ಅಷ್ಟೇ. ಎಡಗೈ ಹೆಬ್ಬೆರಳ ಬುಡದಲ್ಲಿ ಸೂಜಿ ನಿಂತಿತ್ತು. ದಪ್ಪದ ಸೂಜಿ. ಕಿತ್ತೆಸೆದಳು. ನಲ್ಲಿಯ ಕೆಳಗೆ ಕೈ ಹಿಡಿದು ಹಿಂಡಿದಳು. ನಾನು ಹಳೇ ಹಾಸಿಗೆ ಬಟ್ಟೆಯ ಅಂಚು ಹರಿದು ಕಟ್ಟಿದೆ. ಅಷ್ಟರಲ್ಲಿ ಮೇಸ್ತ್ರಿ ಬಂದ.

"ಏನದು?"

"ಏನಿಲ್ಲ. ಉಗುರು ಕಿತ್ತಿತು," ಎಂದಳು ನಾದಿನಿ.

ಯಾಕೆ ಹಾಗೆಂದಳು ಎಂದು ನಾನು ಕೇಳಲಿಲ್ಲ. ಕೇಳುವುದೇನಿತ್ತು? ಅವಳು ಬರುವ ಮುಂಚೆ ನಮ್ಮಲ್ಲಿ ಒಬ್ಬಳಿದ್ದಳು, ಅವಳ ಕಥೆ ನಾದಿನಿಗೂ ಹೇಳಿದ್ದೆವು. ಸೂಜಿ ಚುಚ್ಚಿತು, ಇಂಜೆಕ್ಷನ್ ಕೊಡಿಸಿ ಎಂದು ಬಾಯಿಬಿಟ್ಟಳು. ಸ್ವಲ್ಪ ದಿನ ಮನೆಯಲ್ಲಿ ಸುಧಾರಿಸಿಕೋ, ಕರೆಸ್ತೀವಿ ಎಂದರು. ಕರೆಸಲೇ ಇಲ್ಲ. ಅವಳು ಆಮೇಲೆ ಗೇಟಿನ ಹೊರಗೆ ನಿಂತು ನಮ್ಮನ್ನು ನೋಡುತ್ತಿದ್ದಳು. ಕೆಲವು ದಿನ ನಿಂತಳು. ಆಮೇಲೆ ಅದೂ ಇಲ್ಲ. ಅವಳನ್ನು ನೋಡಿದ ಮೇಲೆ ನಮ್ಮ ಕೈಗಳಿಗೆ ಸೂಜಿ ಚುಚ್ಚುವುದು ನಿಂತುಹೋಯಿತು.

ನಾದಿನಿಗೆ ಚುಚ್ಚಿದ ಮೇಲೆ ಸರ್ವೆ ಬಂತು, ಅಧಿಕಾರಿ ತೋರಿಸಿದ ಹಾಳೆ ಆ ಸರ್ವೆಯದೇ. ಹೊರಗಿನವರು ಯಾರೂ ಬರಲಿಲ್ಲ. ಮೇಸ್ತ್ರಿಯೇ ಕೇಳಿದ, ಮೇಸ್ತ್ರಿಯೇ ಬರೆದುಕೊಂಡ. ಪಾಳಿ ಮುಗಿಸಿ ಮನೆಗೆ ಹೊರಟವರನ್ನು ಗೇಟಿನ ಹತ್ತಿರ ಸಾಲಾಗಿ ನಿಲ್ಲಿಸಿದ. ಹಿಂದಿನವಳಿಗೆ ಮುಂದಿನವಳ ಉತ್ತರ ಕೇಳಿಸಬೇಕು. ಹಾಗೆ ನಿಲ್ಲಿಸಿದ. ಅಜಾಗರೂಕತೆಯಿಂದ ಎಂಬ ಮಾತನ್ನು ಒತ್ತಿ ಒತ್ತಿ ಓದಿದ. ಓದಿ ಮುಗಿಸುವ ಮೊದಲೇ ಅವನ ಪೆನ್ನು 'ಇಲ್ಲ' ಎಂದು ಬರೆದಾಗಿತ್ತು. ನಾನು ಇಲ್ಲ ಎಂದೆ. ನನ್ನ ಹಿಂದಿದ್ದ ನಾದಿನಿ ಇಲ್ಲ ಎಂದಳು. ಹೆಬ್ಬೆರಳಿಗೆ ಸುತ್ತಿದ ಬಟ್ಟೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, ಬಲಗೈಯಲ್ಲಿ ಸಹಿ ಹಾಕಿದಳು. ಸಾಲಿಗೆ ಸಾಲೇ ಇಲ್ಲ ಎಂದಿತು.

ಕೆಲವು ತಿಂಗಳು ಕಳೆದ ಮೇಲೆ ಅವಳಿಗೆ ಊಟ ಸೇರದಾಯಿತು. ಏನು ನೋಡಿದರೂ ಓಕರಿಕೆ. ಕಣ್ಣು ಹಳದಿಯಾಯಿತು. ಒಂದು ದಿನ ತೊಟ್ಟಿಯ ಪಕ್ಕದಲ್ಲೇ ಕುಸಿದಳು. ರಕ್ತ ಪರೀಕ್ಷೆ ಮಾಡಿಸಿದೆವು. ರಕ್ತದಿಂದ ರಕ್ತಕ್ಕೆ ಹರಡುವ ಕಾಮಾಲೆ ಎಂದರು. ಡಾಕ್ಟರು ಒಳ್ಳೆಯವಳು. ಸೂಜಿ ಚುಚ್ಚಿತ್ತಾ ಎಂದು ಕೇಳಿದಳು. ಹೌದು ಎಂದೆವು. ಹಾಗಾದರೆ ಕೆಲಸದಲ್ಲಿ ತಗುಲಿದ ರೋಗ ಎಂದು ಬರೆಸಿಕೊಂಡು ಬನ್ನಿ, ಆಸ್ಪತ್ರೆಯೇ ಚಿಕಿತ್ಸೆ ಕೊಡಬೇಕು ಎಂದಳು. ಬರೆಸಿಕೊಳ್ಳಲು ಹೋದದ್ದಕ್ಕೇ ಆ ಅಧಿಕಾರಿ ಆ ಮಾತು ಆಡಿದ್ದು.

ಆ ಮಾತು ನಮಗಿಂತ ಮೊದಲು ಮನೆ ಸೇರಿತ್ತು. ನನ್ನ ತಮ್ಮ ಗೋದಾಮಿನಲ್ಲಿ ಮೂಟೆ ಇಳಿಸುವವನು. ಅಲ್ಲಿ ಯಾರೋ ಅವನ ಕಿವಿಗೆ ಹಾಕಿದ್ದರು. ನಾವು ಒಳಗೆ ಬಂದಾಗ ಅವನು ಗೋಡೆಯ ಕಡೆ ಮುಖ ಮಾಡಿ ಕೂತಿದ್ದ.

"ನಿಜ ಹೇಳು," ಎಂದ.

"ಸೂಜಿ ಚುಚ್ಚಿತ್ತು," ಎಂದಳು ನಾದಿನಿ.

"ಹಾಗಾದ್ರೆ ಅವತ್ತು ಇಲ್ಲ ಅಂತ ಯಾಕೆ ಸಹಿ ಹಾಕಿದೆ? ಅವತ್ತು ಸುಳ್ಳು ಹೇಳಿದವಳು ಇವತ್ತು ನಿಜ ಹೇಳ್ತಿದ್ದೀಯ ಅಂತ ನಾನು ಹೇಗೆ ನಂಬಲಿ?"

ಅವಳು ಹಾಸಿಗೆ ಬಿಡಿಸಿಕೊಂಡು ಮಲಗಿದಳು. ನನಗೆ ತಡೆಯಲಾಗಲಿಲ್ಲ. ಅವನ ಮುಖದ ಮುಂದೆ ನನ್ನ ಎರಡೂ ಕೈ ಹಿಡಿದೆ.

"ನೋಡೋ ಇಲ್ಲಿ. ಇದು ಸೂಜಿ. ಇದು ಬ್ಲೇಡು. ಇದೂ ಸೂಜಿ. ನಾನೂ ಇಲ್ಲ ಅಂತಾನೇ ಸಹಿ ಹಾಕಿದ್ದೀನಿ. ನನ್ನನ್ನೂ ಕೇಳು, ಎಲ್ಲಿಗೆ ಹೋಗಿದ್ದೆ ಅಂತ."

"ನೀನು ಅವಳ ಪರ ಮಾತಾಡ್ತೀಯ ಅಕ್ಕಾ," ಎಂದ. ಚಾಪೆ ಎತ್ತಿಕೊಂಡು ಜಗಲಿಗೆ ಹೋದ. ಅಂದಿನಿಂದ ಅಲ್ಲೇ ಮಲಗಿದ. ಅವಳು ಕುಡಿದಿಟ್ಟ ಲೋಟವನ್ನು ಬೇರೆ ಇಟ್ಟ. ಅವಳು ಅದನ್ನು ನೋಡಿದಳು. ನಾನೂ ನೋಡಿದೆ.

ನಾದಿನಿ ಹಾಸಿಗೆ ಹಿಡಿದು ಮನೆಯಲ್ಲಿದ್ದಾಗ ಹೊಸ ಸರ್ವೆ ಬರುತ್ತದೆ ಎಂಬ ಸುದ್ದಿ ಬಂತು. ಆಸ್ಪತ್ರೆಗೆ ಯಾವುದೋ ದೊಡ್ಡ ಪ್ರಮಾಣಪತ್ರ ಬೇಕಿತ್ತಂತೆ. ಅದಕ್ಕೆ ಆಸ್ಪತ್ರೆಯವರು ಕೇಳಿದರೆ ಸಾಲದು, ಹೊರಗಿನವರೇ ಬಂದು ಕೆಲಸದವರನ್ನು ಕೇಳಬೇಕಂತೆ. ಸರ್ವೆಯ ದಿನ ಮೇಸ್ತ್ರಿ ಬೆಳಿಗ್ಗೆಯೇ ನಮ್ಮನ್ನು ಸೇರಿಸಿ ಭಾಷಣ ಬಿಗಿದ.

"ಹೋದ ಸಲ ಏನು ಹೇಳಿದ್ರೋ ಅದನ್ನೇ ಹೇಳಿ. ಅವತ್ತೊಂದು ಇವತ್ತೊಂದು ಹೇಳಿದ್ರೆ ಸುಳ್ಳಿಗಳಾಗ್ತೀರ. ಗೊತ್ತಾಯ್ತಾ? ಆಮೇಲೆ ನನ್ನ ಹತ್ರ ಬಂದು ಅಳಬೇಡಿ."

ಬಂದವಳು ಎಳೇ ಹುಡುಗಿ. ಹೆಗಲಲ್ಲಿ ಭಾರದ ಚೀಲ. ಚಪ್ಪಲಿಯ ಬಾರು ಕಿತ್ತು ಪಿನ್ನು ಹಾಕಿಕೊಂಡಿದ್ದಳು. ಮೇಸ್ತ್ರಿ ಅವಳಿಗೆ ತನ್ನ ಮೇಜಿನ ಪಕ್ಕದಲ್ಲೇ ಕುರ್ಚಿ ಹಾಕಿದ. ತಾನೂ ಕೂತ. ಅವಳು ಏನೋ ಹೇಳಲು ಬಾಯಿ ತೆರೆದಳು. "ಕೇಳಿ, ಕೇಳಿ, ಇವರಿಗೆ ಅರ್ಥವಾಗದಿದ್ರೆ ನಾನು ಬಿಡಿಸಿ ಹೇಳ್ತೀನಿ," ಎಂದು ಇವನೇ ಮೊದಲನೆಯವಳನ್ನು ಕರೆದ.

ಮೊದಲನೆಯವಳು ಬೆಂಕಿಪೊಟ್ಟಣ. ನಾವಿಟ್ಟ ಹೆಸರು. ಆಳು ಗೇಣುದ್ದ, ಸಿಟ್ಟು ಮಾರುದ್ದ. ಗೀರಿದರೆ ಹತ್ತಿಕೊಳ್ಳುವವಳು. ಗಂಡನ ತಲೆಗೆ ಚೊಂಬು ಎಸೆದವಳು. ಅಂಥವಳು ಆ ಕುರ್ಚಿಯ ಮುಂದೆ ನಿಂತಳು. ಹುಡುಗಿ ಹೆಸರು ಕೇಳಿದಳು, ಟೋಕನ್ ಕೇಳಿದಳು, ಆಮೇಲೆ ಪ್ರಶ್ನೆ ಕೇಳಿದಳು. ಮೇಸ್ತ್ರಿ ಹಲ್ಲಿನ ಸಂದಿಯಲ್ಲಿ ಕಡ್ಡಿ ಆಡಿಸುತ್ತ ಅವಳನ್ನೇ ನೋಡುತ್ತಿದ್ದ.

"ಇಲ್ಲ," ಎಂದಳು ಬೆಂಕಿಪೊಟ್ಟಣ. ಆ ದನಿ ಅವಳದಲ್ಲ. ಬೆಕ್ಕಿನ ಮರಿಯ ದನಿ.

ಆ ದನಿ ಕೇಳಿ ನನಗೆ ಏನಾಯಿತೋ. ನಾಚಿಕೆಯಾಯಿತು. ನನ್ನ ಬಗ್ಗೆ ಅಲ್ಲ, ಅವಳ ಬಗ್ಗೆಯೂ ಅಲ್ಲ. ಒಬ್ಬ ಹೆಂಗಸಿನ ದನಿಯನ್ನು ಹಿಂಡಿ ಇಷ್ಟು ಸಣ್ಣ ಮಾಡುತ್ತಾರಲ್ಲ ಎಂದು.

ಎರಡನೆಯವಳು ನಾನು.

"ಅಜಾಗರೂಕತೆಯಿಂದ ಕೆಲಸದಲ್ಲಿ ಸೂಜಿ ಚುಚ್ಚಿಸಿಕೊಂಡಿದ್ದೀರಾ?"

"ಹೇಳಲ್ಲ."

ಹುಡುಗಿ ತಲೆಯೆತ್ತಿದಳು. "ಅಂದ್ರೆ, ಹೌದು ಅಂತಾನಾ, ಇಲ್ಲ ಅಂತಾನಾ?"

"ಎರಡೂ ಅಲ್ಲ. ಹೇಳಲ್ಲ. ಇವನು ಇಲ್ಲಿ ಕೂತಿರೋ ತನಕ ಹೇಳಲ್ಲ."

ಮೇಸ್ತ್ರಿಯ ಬಾಯಿಂದ ಕಡ್ಡಿ ಬಿತ್ತು. "ಏಯ್! ಯಾರನ್ನ ಇವನು ಅಂತೀಯ?"

"ನಿನ್ನನ್ನೇ."

ನಾನು ಮೇಜಿನ ಅಂಚು ಹಿಡಿದುಕೊಂಡು ನಿಂತೆ.

"ಈಗಲೇ ಗೇಟಿನ ಹೊರಗೆ ಹಾಕಿಸ್ತೀನಿ."

"ಹಾಕಿಸು. ಅದನ್ನೂ ಬರ್ಕೊಳ್ಳಿ ಮೇಡಂ. ಪ್ರಶ್ನೆ ಕೇಳಿದ್ರು, ಉತ್ತರ ಕೊಡೋಕೆ ಮೊದಲೇ ಹೊರಗೆ ಹಾಕಿದ್ರು ಅಂತ ಬರ್ಕೊಳ್ಳಿ."

ಹುಡುಗಿ ಪೆನ್ನಿನ ಮುಚ್ಚಳ ಹಾಕಿದಳು. ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು. "ಸಾರ್, ನಿಯಮದ ಪ್ರಕಾರ ಕೇಳುವಾಗ ಮೇಲಿನವರು ಪಕ್ಕದಲ್ಲಿ ಇರೋ ಹಾಗಿಲ್ಲ. ಮೊದಲೇ ಹೇಳಬೇಕು ಅಂತಿದ್ದೆ. ಬೇರೆ ಕೋಣೆ ಇದ್ರೆ..."

"ಇಲ್ಲಿ ಬೇರೆ ಕೋಣೆ ಎಲ್ಲಿದೆ?"

"ಇದೆ," ಎಂದೆ. "ನಾವು ಬಟ್ಟೆ ಬದಲಿಸೋ ಕೋಣೆ. ಅಲ್ಲಿಗೆ ಗಂಡಸರು ಬರೋ ಹಾಗಿಲ್ಲ. ಬರಬೇಕು ಅನ್ನಿಸಿದ್ರೆ ಬಾ ಮೇಸ್ತ್ರಿ, ಲಂಗ ಕೊಡ್ತೀವಿ."

ಯಾರೋ ಕಿಸಕ್ಕೆಂದರು. ಆ ನಗು ಸಾಲಿನ ಉದ್ದಕ್ಕೂ ಹಬ್ಬಿತು. ಮೇಸ್ತ್ರಿ ಎದ್ದು ನಿಂತು ಯಾರು ನಕ್ಕಿದ್ದು ಎಂದು ಕೂಗಿದ. ಯಾರೆಂದು ಹೇಳುವುದು, ಎಲ್ಲರೂ ನಕ್ಕಿದ್ದರು. ನಾನು ಬೆನ್ನು ತಿರುಗಿಸಿ ಬಟ್ಟೆ ಕೋಣೆಯ ಕಡೆ ನಡೆದೆ. ಹಿಂದೆ ತಿರುಗಿ ನೋಡುವ ಧೈರ್ಯ ಇರಲಿಲ್ಲ. ಯಾರೂ ಬರದಿದ್ದರೆ? ಒದ್ದೆ ನೆಲದ ಮೇಲೆ ಚಪ್ಪಲಿ ಸದ್ದು ಕೇಳಿಸಿತು. ಒಂದು, ಆಮೇಲೆ ಇನ್ನೊಂದು, ಆಮೇಲೆ ಲೆಕ್ಕವಿಲ್ಲ. ಯಾವಳೋ ಹೋಗುವ ದಾರಿಯಲ್ಲೇ ದೊಡ್ಡ ಮಷೀನಿನ ಗುಂಡಿ ಒತ್ತಿದಳು. ಅದು ಗೊರಗೊರ ಅಂದು ನಿಂತಿತು. ನೆಲಮಾಳಿಗೆ ಅಷ್ಟು ಮೌನವಾಗಿದ್ದನ್ನು ನಾನು ಕಂಡದ್ದೇ ಇಲ್ಲ.

ಆ ಕೋಣೆ ಸಣ್ಣದು. ಗೋಡೆ ತುಂಬ ಮೊಳೆ, ಮೊಳೆಯ ತುಂಬ ನಮ್ಮ ಬಟ್ಟೆ. ಒಂದು ಮೂಲೆಗೆ ಹಾಸಿಗೆ ಬಟ್ಟೆಯದೇ ಪರದೆ. ಹುಡುಗಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಳು. ಹಾಳೆ ತೆಗೆದಳು.

"ಮೊದಲು ಆ ಹೆಸರು ಬರೆಯೋ ಜಾಗ ಹರಿದು ಹಾಕಿ," ಎಂದೆ.

"ಹೆಸರಿಲ್ಲದಿದ್ರೆ ನಮ್ಮ ಸರ್ ಬೈತಾರೆ ಅಕ್ಕ."

"ನಿಮಗೆ ಬೈತಾರೆ. ನಮ್ಮನ್ನ ಕಳಿಸ್ತಾರೆ."

ಅವಳು ಹಾಳೆಗಳನ್ನು ಮಡಚಿ ಚೀಲದೊಳಗೆ ತುರುಕಿದಳು.

"ಹೋದ ಕಡೆಯೆಲ್ಲ ಇದೇ," ಎಂದಳು. "ಮಾಲೀಕನ ಅಂಗಡಿಯಲ್ಲೇ ಆಳನ್ನ ನಿಲ್ಲಿಸಿ ಕೇಳ್ತೀವಿ, ಹೊಡೀತಾರಾ ಅಂತ. ಅತ್ತೆ ಪಕ್ಕದಲ್ಲಿ ಕೂತಿರ್ತಾಳೆ, ಸೊಸೇನ ಕೇಳ್ತೀವಿ, ಹೊಟ್ಟೆ ತುಂಬ ಊಟ ಹಾಕ್ತಾರಾ ಅಂತ. ಎಲ್ಲರೂ ಚೆನ್ನಾಗಿದ್ದೀವಿ ಅಂತಾರೆ. ನಾನು ಬರ್ಕೊಂಡು ಬರ್ತೀನಿ. ನನಗೂ ಗೊತ್ತಿರುತ್ತೆ, ಅವರಿಗೂ ಗೊತ್ತಿರುತ್ತೆ. ಇವತ್ತು ಬೇಡ. ಯಾರೂ ಬಾಯಿ ಬಿಡಬೇಡಿ. ಚೀಟಿ ಕೊಡ್ತೀನಿ, ಮರೆಯಲ್ಲಿ ಬರೆದು ಹಾಕಿ."

"ಚೀಟಿ ಆಗಲ್ಲ," ಎಂದಳು ಬೆಂಕಿಪೊಟ್ಟಣ. "ಅರ್ಧ ಜನಕ್ಕೆ ಬರೆಯೋಕೆ ಬರಲ್ಲ. ಬರೋರ ಕೈಬರಹ ಮೇಸ್ತ್ರಿಗೆ ಗೊತ್ತು."

ಮೊದಲು ಗಂಟು ಬಿಚ್ಚುತ್ತಿದ್ದು ಈಗ ಇಸ್ತ್ರಿ ಮಾಡುವ ಅಜ್ಜಿ ಮೂಲೆಯಲ್ಲಿದ್ದಳು. "ಗಂಟು ಹಾಕೋದು ಎಲ್ಲರಿಗೂ ಬರುತ್ತಲ್ವೇನ್ರೇ," ಎಂದಳು.

ಹಾಗೆ ಆಯಿತು. ಹಳೇ ಹಾಸಿಗೆ ಬಟ್ಟೆಯೊಂದನ್ನು ಉದ್ದುದ್ದ ಹರಿದೆವು. ಎಲ್ಲವೂ ಒಂದೇ ಅಗಲ. ತಲೆಗೊಂದು ಪಟ್ಟಿ. ಪರದೆಯ ಹಿಂದೆ ದಿಂಬಿನ ಚೀಲ ನೇತುಹಾಕಿದೆವು. ಹುಡುಗಿ ಪ್ರಶ್ನೆಯನ್ನು ತಿರುಗಿಸಿ ಕೇಳಿದಳು. "ಅಜಾಗರೂಕತೆ ಗಿಜಾಗರೂಕತೆ ಏನೂ ಬೇಡ. ಇಲ್ಲಿ ಕೆಲಸ ಮಾಡುವಾಗ ಸೂಜಿಯೋ ಬ್ಲೇಡೋ ನಿಮ್ಮ ಕೈಗೆ ಹೊಕ್ಕಿದ್ರೆ, ಹೊಕ್ಕಷ್ಟು ಸಲ ಗಂಟು. ಹೊಕ್ಕಿಲ್ಲದಿದ್ರೆ ಪಟ್ಟಿ ಹಾಗೇ ಹಾಕಿ. ಇನ್ನೊಂದು ಮಾತು. ಗಂಟು ಹಾಕದವರೂ ಒಳಗೆ ಅಷ್ಟೇ ಹೊತ್ತು ನಿಲ್ಲಬೇಕು. ಬೇಗ ಬಂದವರು ಯಾರು, ತಡವಾಗಿ ಬಂದವರು ಯಾರು ಅಂತ ಯಾರಿಗೂ ಗೊತ್ತಾಗಬಾರದು. ನಾನು ಹೊರಗಿಂದ ಸಾಕು ಅಂತೀನಿ, ಆಗ ಬನ್ನಿ."

ಒಬ್ಬೊಬ್ಬರೇ ಹೋದೆವು. ನನ್ನ ಸರದಿ ಬಂದಾಗ ಪರದೆಯ ಹಿಂದೆ ನನ್ನ ಕೈ ನನಗೇ ಹೊಸದಾಗಿ ಕಂಡಿತು. ಯಾವ ಗಾಯ ಯಾವತ್ತಿನದು ಎಂದು ನೆನೆಸಿಕೊಂಡು ಗಂಟು ಹಾಕಿದೆ. ಬಟ್ಟೆ ಒಗೆದು ಒಗೆದು ಮರಗಟ್ಟಿದ ಬೆರಳು. ಗಂಟು ಬಿಗಿಯುವಾಗ ನೋಯಿತು. 'ಸಾಕು' ಎಂದಾಗ ನನ್ನದಿನ್ನೂ ಮುಗಿದಿರಲಿಲ್ಲ.

ಎಲ್ಲರದೂ ಆದ ಮೇಲೆ ಹುಡುಗಿ ಚೀಲವನ್ನು ಬೆಂಚಿನ ಮೇಲೆ ಸುರಿದಳು.

ಪಟ್ಟಿಗಳು ಒಂದಕ್ಕೊಂದು ತೊಡರಿಕೊಂಡು ಬಿದ್ದಿದ್ದವು. ಹುಡುಗಿ ಬಿಡಿಸಿ ಬಿಡಿಸಿ ಇಟ್ಟಳು. ಗಂಟು. ಗಂಟು. ಗಂಟು. ಗಂಟಿಲ್ಲದ ಪಟ್ಟಿ ಒಂದೇ ಒಂದು ಸಿಕ್ಕಿತು. ಅದು ಹೋದ ವಾರ ಸೇರಿದವಳದ್ದೇ ಇರಬೇಕು. ಒಂದು ಪಟ್ಟಿಯಲ್ಲಂತೂ ಗಂಟಿನ ಮೇಲೆ ಗಂಟು ಬಿದ್ದು ಪಟ್ಟಿಯೇ ಕಾಣುತ್ತಿರಲಿಲ್ಲ. ಮುಷ್ಟಿಯಷ್ಟು ಉಂಡೆ. ಅದು ಯಾರದೆಂದು ಯಾರೂ ಕೇಳಲಿಲ್ಲ.

ಬೆಂಕಿಪೊಟ್ಟಣ ಆ ಉಂಡೆಯನ್ನು ಕೈಗೆತ್ತಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. "ಥೂ ನಿಮ್ಮ," ಎಂದಳು. "ಇಷ್ಟು ವರ್ಷ ನಾನೊಬ್ಬಳೇ ಮೊದ್ದು ಅಂದ್ಕೊಂಡಿದ್ದೆನಲ್ಲೇ. ನನಗೊಬ್ಬಳಿಗೇ ಕೆಲಸ ಬರಲ್ಲ, ಅದಕ್ಕೇ ಚುಚ್ಚುತ್ತೆ ಅಂತ. ನಿಮ್ಮ ಕೈ ನೋಡಿ ಹೊಟ್ಟೆಕಿಚ್ಚು ಪಡ್ತಿದ್ದೆ."

ನಾದಿನಿಗೆ ಚುಚ್ಚಿದ್ದೊಂದು ನನಗೆ ಗೊತ್ತಿತ್ತು, ಮಿಕ್ಕಂತೆ ಎಲ್ಲರೂ ಹಾಗೇ ಅಂದುಕೊಂಡಿದ್ದೆವು. ಒಬ್ಬೊಬ್ಬರನ್ನೇ ಸಾಲಿನಲ್ಲಿ ನಿಲ್ಲಿಸಿ ಕೇಳಿದ್ದರ ಹುನ್ನಾರ ನನಗೆ ಆಗ ಹೊಳೆಯಿತು. ಅವರು ನಮ್ಮಿಂದ ಉತ್ತರ ಪಡೆಯಲು ಕೇಳಿದ್ದಲ್ಲ. ಒಬ್ಬಳ 'ಇಲ್ಲ'ವನ್ನು ಇನ್ನೊಬ್ಬಳ ಕಿವಿಗೆ ಕೇಳಿಸಲು ಕೇಳಿದ್ದು.

ಹುಡುಗಿ ಚೀಲ ಹಿಡಿದು ಅಧಿಕಾರಿಯ ಕೋಣೆಗೆ ಹೊರಟಳು. "ಒಬ್ಬಳೇ ಹೋಗ್ತೀಯಾ ಮಗಳೇ?" ಎಂದು ಅಜ್ಜಿ ಕೇಳಿದಳು. ಎಲ್ಲರೂ ಜೊತೆಗೆ ಹೋದೆವು. ಸರ್ವಿಸ್ ಮೆಟ್ಟಿಲಲ್ಲಿ ಅಲ್ಲ. ರೋಗಿಗಳು, ಡಾಕ್ಟರುಗಳು ಹತ್ತುವ ಮುಂದಿನ ಮೆಟ್ಟಿಲಲ್ಲಿ. ಬಿಳಿ ನೆಲದ ಮೇಲೆ ನಮ್ಮ ಒದ್ದೆ ಹೆಜ್ಜೆ ಬಿದ್ದವು. ಕಾವಲಿನವನು ಅಡ್ಡ ಬಂದ. ಇಷ್ಟು ಜನರನ್ನು ನೋಡಿ ಪಕ್ಕಕ್ಕೆ ಸರಿದ.

ಮೇಸ್ತ್ರಿ ಮೊದಲೇ ಅಲ್ಲಿದ್ದ. ಅಧಿಕಾರಿ ಪಟ್ಟಿಗಳನ್ನು ಪೆನ್ನಿನ ತುದಿಯಲ್ಲಿ ಎತ್ತಿ ನೋಡಿದ. ಕೈಯಿಂದ ಮುಟ್ಟಲಿಲ್ಲ.

"ಇದೇನಿದು? ಚಿಂದಿ."

"ಉತ್ತರಗಳು ಸಾರ್," ಎಂದಳು ಹುಡುಗಿ.

"ಯಾರ ಉತ್ತರ? ಹೆಸರೆಲ್ಲಿ? ಒಬ್ಬಳೇ ಕೂತು ಇಷ್ಟೂ ಗಂಟು ಹಾಕಿರಬಹುದು. ಹೆಸರಿಲ್ಲದ ಉತ್ತರಕ್ಕೆ ಬೆಲೆ ಇಲ್ಲಮ್ಮ. ನನ್ನ ಹತ್ರ ಹೆಸರು, ಸಹಿ ಸಮೇತ ಉತ್ತರ ಇವೆ. ಅದನ್ನ ಬರ್ಕೊಂಡು ಹೋಗು."

"ನಾನು ಕಂಡಿದ್ದನ್ನ ಬರೀತೀನಿ ಸಾರ್. ಈ ಚೀಲ ನಮ್ಮ ಆಫೀಸಿಗೆ ಹೋಗುತ್ತೆ." ಚೀಲ ಕೈಬಿಡಲಿಲ್ಲ.

ಆಗ ನಾನು ಮುಂದೆ ಬಂದೆ. ಹೋದ ಸಲ ಇದೇ ಕೋಣೆಯಲ್ಲಿ ಏಳದ ನಾಲಿಗೆ ಈಗ ಎದ್ದಿತು.

"ಹೆಸರು ಹೇಳು ಅಂತ ನಿಲ್ಲಿಸಿದ್ರೆ ನಿಜ ಬರಲ್ಲ ಅಂತ ನಿಮಗೆ ಗೊತ್ತು. ಅದಕ್ಕೇ ಹೆಸರು ಕೇಳ್ತೀರಿ. ನಿಜ ಬಂದ ಮೇಲೆ ಹೆಸರಿಲ್ಲ, ನಂಬಲ್ಲ ಅಂತೀರಿ. ಹಾಗಾದ್ರೆ ನಾವು ಯಾವಾಗ ಸಾರ್ ಮಾತಾಡೋದು? ಸತ್ತ ಮೇಲಾ?"

"ದನಿ ತಗ್ಗಿಸು."

"ತಗ್ಗಿಸಿದ್ದು ಸಾಕಾಯ್ತು."

ಬೆಂಕಿಪೊಟ್ಟಣ ನನ್ನನ್ನು ಪಕ್ಕಕ್ಕೆ ತಳ್ಳಿ ಮೇಜಿನ ಮುಂದೆ ನಿಂತಳು. ಮೇಜು ಅವಳ ಎದೆಯ ತನಕ ಬರುತ್ತಿತ್ತು. ಎಡಗೈಯನ್ನು ಮೇಜಿನ ಗಾಜಿನ ಮೇಲೆ ಅಂಗಾತ ಇಟ್ಟಳು.

"ಹೆಸರು ಬೇಕಲ್ವಾ? ಬರ್ಕೊಳ್ಳಿ." ಅವಳು ತನ್ನ ಹೆಸರು ಹೇಳಿದಳು. ಅಪ್ಪನ ಹೆಸರೂ ಸೇರಿಸಿ ಹೇಳಿದಳು. "ಇಗೋ, ತೋರುಬೆರಳು, ಸೂಜಿ. ಇದು ಬ್ಲೇಡು, ಮೂಳೆ ಕಾಣ್ತಿತ್ತು. ಇನ್ನೊಂದು ಕೈ ಆಮೇಲೆ ತೋರಿಸ್ತೀನಿ. ಸ್ವಲ್ಪ ಹೊತ್ತಿನ ಮುಂಚೆ ಇಲ್ಲ ಅಂದಿದ್ದೆ. ಈ ಮೇಸ್ತ್ರಿ ಮುಖ ನೋಡಿ ಅಂದಿದ್ದೆ. ಈಗಲೂ ಅವನ ಮುಖ ನೋಡಿಯೇ ಹೇಳ್ತಿದ್ದೀನಿ, ಹೌದು."

ನಾನು ಕೈ ಇಟ್ಟೆ. ಹೆಸರು ಹೇಳಿದೆ. ಅಜ್ಜಿ ಇಟ್ಟಳು. ಅವಳ ಹಿಂದಿನವಳು ಇಟ್ಟಳು. ಗಾಜಿನ ಮೇಲೆ ಜಾಗ ಸಾಲದೆ ಕೈಯ ಮೇಲೆ ಕೈ ಬಿದ್ದವು. ನೀರಲ್ಲಿ ನೆಂದು ಬಿಳಿಚಿದ, ಸುಕ್ಕುಗಟ್ಟಿದ, ಸೋಪಿನ ವಾಸನೆಯ ಕೈಗಳು. ಅಧಿಕಾರಿ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡ. ಇನ್ನೂ ಹಿಂದಕ್ಕೆ. ಗೋಡೆ ತಗುಲಿತು.

ಹುಡುಗಿ ಬರೆಯುತ್ತಿದ್ದಳು. ಹೆಸರು ಕೇಳದೆ, ಬಂದ ಹೆಸರನ್ನೆಲ್ಲ ಬರೆಯುತ್ತಿದ್ದಳು.

ಎಲ್ಲರ ರಕ್ತ ಪರೀಕ್ಷೆ ಮಾಡಿಸುವ ತನಕ ಒಂದು ಬಟ್ಟೆಗಂಟನ್ನೂ ಬಿಚ್ಚುವುದಿಲ್ಲ ಎಂದೆವು. ಜಾರುಕೊಳವೆ ಗಂಟಲು ಮಟ್ಟ ತುಂಬಿತು. ಕೊಳೆ ಬಟ್ಟೆಯ ನಾತ ಮೇಲಕ್ಕೇರಿತು, ಮೊದಲ ಸಲ ಅವರ ಮೂಗಿಗೂ ಹೊಡೆಯಿತು. ಆಪರೇಷನ್ ಕೋಣೆಯಲ್ಲಿ ಹಾಸಲು ಬಟ್ಟೆಯಿಲ್ಲದಾದಾಗ ಡಾಕ್ಟರುಗಳೇ ಅಧಿಕಾರಿಯ ಮೇಲೆ ಹರಿಹಾಯ್ದರು. ಮರುದಿನ ನಮ್ಮ ರಕ್ತ ತೆಗೆದರು. ಬೆಂಕಿಪೊಟ್ಟಣದ ರಕ್ತದಲ್ಲಿ ಏನೂ ಇರಲಿಲ್ಲ, ನನ್ನದರಲ್ಲೂ ಇರಲಿಲ್ಲ. ಅಜ್ಜಿಯ ರಕ್ತದಲ್ಲಿ ಅದೇ ಕಾಮಾಲೆ ಇತ್ತು. ಇನ್ನೊಬ್ಬಳ ರಕ್ತದಲ್ಲೂ ಇತ್ತು. ಗಂಡ ಸತ್ತು ಎಷ್ಟೋ ವರ್ಷವಾದ, ಹಲ್ಲು ಬಿದ್ದ ಆ ಅಜ್ಜಿಯನ್ನು ಎಲ್ಲಿಂದ ಬಂತು ಎಂದು ಕೇಳಲು ಯಾರಿಗೂ ಬಾಯಿ ಬರಲಿಲ್ಲ. ಅಜ್ಜಿಯೇ ಕೇಳಿದಳು, "ಏನಪ್ಪಾ ಮೇಸ್ತ್ರಿ, ನನ್ನ ಬಗ್ಗೆ ಏನೂ ಹಬ್ಬಿಸಲ್ವಾ?" ಅವನನ್ನು ಬೇರೆ ವಿಭಾಗಕ್ಕೆ ಹಾಕಿದರು, ಅಷ್ಟೇ. ಕೆಲಸದಿಂದ ತೆಗೆಯಲಿಲ್ಲ. ಗ್ಲೌಸು ದಪ್ಪದ್ದು ಬಂತು. ಕೆಲಸದಲ್ಲಿ ತಗುಲಿದ ರೋಗ ಎಂದು ಅಜ್ಜಿಗೂ ಇನ್ನೊಬ್ಬಳಿಗೂ ಬರೆದುಕೊಟ್ಟರು.

ನಾದಿನಿಗೆ ಮಾತ್ರ ಕೊಡಲಿಲ್ಲ. ಹಳೇ ಹಾಳೆ ಹಾಗೇ ಇದೆ, ಅದರಲ್ಲಿ ಅವಳ ಸಹಿ ಇದೆ, ಹೊಸ ಸರ್ವೆಯ ದಿನ ಅವಳು ಇರಲಿಲ್ಲ ಎಂದರು.

ಹುಡುಗಿ ನಮ್ಮ ಮನೆಗೆ ಬಂದಳು. ಯಾರೂ ಕಳಿಸಿರಲಿಲ್ಲ, ರಜೆಯ ದಿನ ತಾನಾಗಿ ಬಂದಳು. ನಾದಿನಿ ಹಾಸಿಗೆಯ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ತಮ್ಮ ಬಾಗಿಲಲ್ಲಿ ನಿಂತಿದ್ದ. ಹುಡುಗಿ ಅವನ ಕಡೆ ನೋಡಿ, "ಸ್ವಲ್ಪ ಹೊತ್ತು ಹೊರಗೆ ಇರ್ತೀರಾ ಅಣ್ಣ?" ಎಂದಳು.

"ನಾನು ಅವಳ ಗಂಡ."

"ಅದಕ್ಕೇ ಕೇಳ್ತಿದ್ದೀನಿ."

"ಇರಲಿ ಬಿಡಿ," ಎಂದಳು ನಾದಿನಿ. ರೋಗ ಬಂದ ಮೇಲೆ ಅವಳ ದನಿ ಇಷ್ಟು ಸ್ಪಷ್ಟವಾಗಿ ಕೇಳಿದ್ದು ಅಂದೇ. "ಅವರ ಎದುರಿಗೇ ಹೇಳ್ತೀನಿ. ಅವರಿಗೆ ಹೆದರಿ ಹೇಳೋದೂ ಇಲ್ಲ, ಅವರಿಗೆ ಹೆದರಿ ಬಿಡೋದೂ ಇಲ್ಲ. ಬರ್ಕೊಳ್ಳಿ. ಎಡಗೈ ಹೆಬ್ಬೆರಳ ಬುಡ. ಹೆರಿಗೆ ಕೋಣೆಯ ಗಂಟು. ದಪ್ಪದ ಸೂಜಿ. ಹೋದ ಸಲ ಇಲ್ಲ ಅಂದೆ. ಯಾಕೆ ಅಂದೆ ಅಂತಾನೂ ಬರ್ಕೊಳ್ಳಿ."

ಹುಡುಗಿ ಹಾಳೆ ತಿರುಗಿಸಿ ನೋಡಿದಳು. "ಯಾಕೆ ಅಂತ ಬರೆಯೋಕೆ ಇದರಲ್ಲಿ ಜಾಗ ಇಲ್ಲ ಅಕ್ಕ."

"ಜಾಗ ಮಾಡ್ಕೊಳ್ಳಿ. ಹಿಂದುಗಡೆ ಖಾಲಿ ಇದೆಯಲ್ಲ."

ಹುಡುಗಿ ಹಾಳೆ ಮಗುಚಿದಳು. ನಾದಿನಿ ಹೇಳುತ್ತ ಹೋದಳು. ಗೇಟಿನ ಸಾಲು, ಮೇಸ್ತ್ರಿಯ ಪೆನ್ನು, ಬೆನ್ನ ಹಿಂದೆ ಮುಚ್ಚಿಟ್ಟ ಕೈ, ಗೇಟಿನ ಹೊರಗೆ ನಿಂತು ನಿಂತು ಕಾಣೆಯಾದ ಹೆಂಗಸು. ಎಲ್ಲಿಯೂ ಅಳಲಿಲ್ಲ. ತಮ್ಮ ಬಾಗಿಲ ಚೌಕಟ್ಟಿಗೆ ಒರಗಿಕೊಂಡೇ ಕೆಳಕ್ಕೆ ಜಾರಿ ಕೂತ.

"ನಮ್ಮ ಗೋದಾಮಿಗೂ ಬಂದಿದ್ರು," ಎಂದ. ಯಾರಿಗೆ ಹೇಳಿದನೋ. "ಸೊಂಟ ನೋವಿದೆಯಾ ಅಂತ ಕೇಳಿದ್ರು. ಮಾಲೀಕ ನಿಂತಿದ್ದ. ಇಲ್ಲ ಅಂದೆ. ಅವತ್ತು ಬೆಳಿಗ್ಗೆ ಬಗ್ಗಿ ಚಪ್ಪಲಿ ಹಾಕ್ಕೊಳ್ಳೋಕೂ ಆಗಿರಲಿಲ್ಲ."

ಅವನು ತಲೆಯೆತ್ತಿ ಹೆಂಡತಿಯನ್ನು ನೋಡಿದ. ಅವಳೂ ನೋಡಿದಳು. ಅವಳ ಹಳದಿ ಕಣ್ಣಲ್ಲಿ ನೀರೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ.

"ನಿಮ್ಮ ಸೊಂಟದ ವಿಷಯ ಆಮೇಲೆ," ಎಂದಳು. "ಮೊದಲು ನನ್ನದು ಮುಗೀಲಿ."

ಆಮೇಲೆ ದಿಂಬಿನಿಂದ ಬೆನ್ನು ಬಿಡಿಸಿ ನೆಟ್ಟಗೆ ಕೂತು ಹುಡುಗಿಯ ಕಡೆ ತಿರುಗಿದಳು.

"ಮುಂದಿನ ಪ್ರಶ್ನೆ ಕೇಳಮ್ಮ."